ಸೀರಿಯಲ್ ಕನ್ಸೋಲ್ ಅರ್ಧ ದಾರೀಲಿ ನಿಂತ್ರೆ: ಫರ್ಮ್‌ವೇರ್, ಗ್ರಬ್, ಕರ್ನಲ್ ಮೂರರಲ್ಲಿ ದೋಷ ಎಲ್ಲಿದೆ ಅಂತ ಹುಡುಕೋದು

ಸರ್ವರ್‌ಗೆ ಮಾನಿಟರ್ ಇಲ್ಲ, ಇರೋದು ಸೀರಿಯಲ್ ಲೈನ್ ಒಂದೇ. ಪವರ್ ಆನ್ ಮಾಡಿದ ಕೂಡ್ಲೆ ಫರ್ಮ್‌ವೇರ್‌ನ (ಬೋರ್ಡ್ ಒಳಗಿರೋ ಮೊದಲ ಪ್ರೋಗ್ರಾಂ, ಹಳೇದಾದ್ರೆ ಬಯಾಸ್, ಹೊಸದಾದ್ರೆ ಯುಇಎಫ್‌ಐ) ಮೆಮೊರಿ ಟೆಸ್ಟು, ಡಿಸ್ಕ್ ಲಿಸ್ಟು ಎಲ್ಲಾ ಚೆನ್ನಾಗೇ ಕಾಣತ್ತೆ. ಆಮೇಲೆ ಕರ್ನಲ್‌ನ (ಲಿನಕ್ಸ್‌ನ ತಿರುಳು) ಲೋಡ್ ಮಾಡೋ ಗ್ರಬ್ ಬರೋ ಹೊತ್ತಿಗೆ ಟರ್ಮಿನಲ್ ಖಾಲಿ. ಇಲ್ಲಾಂದ್ರೆ ಒಂದೊಂದು ಅಕ್ಷರ ಎರಡೆರಡು ಸಲ ಬೀಳತ್ತೆ. ಇಲ್ಲಾಂದ್ರೆ ಮೆನು ಸರಿಯಾಗೇ ಬಂದು, ಕರ್ನಲ್ ಶುರುವಾದ ಮೇಲೆ ಬರೀ ಕಸ. ಈ ಮೂರಕ್ಕೂ ಕಾರಣ ಬೇರೆ ಬೇರೆ, ಆದ್ರೆ ಜನ ಮಾಡೋದು ಒಂದೇ ಕೆಲಸ: ಎಲ್ಲೋ ಸಿಕ್ಕಿದ ಐದಾರು ಸಾಲನ್ನ ಗ್ರಬ್ ಫೈಲಿಗೆ ತುಂಬಿ ರೀಬೂಟ್ ಮಾಡ್ತಾರೆ, ಆಗ್ಲಿಲ್ಲ ಅಂದ್ರೆ ಬಯಾಸ್‌ನಲ್ಲೂ ಏನೋ ಒಂದು ಬದಲಾಯಿಸ್ತಾರೆ, ಕೊನೆಗೆ ಯಾವುದರಿಂದ ಏನಾಯ್ತು ಅಂತಾನೇ ಗೊತ್ತಾಗಲ್ಲ.

ಒಂದು ವಿಷಯ ತಲೇಲಿಟ್ಕೊಂಡ್ರೆ ಕೆಲಸ ಸುಲಭ. ಒಂದೇ ಯುಎಆರ್‌ಟಿ ಚಿಪ್‌ನ (ಸೀರಿಯಲ್ ಲೈನಿಗೆ ಅಕ್ಷರ ಕಳಿಸಿ, ತಗೊಳ್ಳೋ ಚಿಪ್) ನಾಲ್ಕು ಕಡೆಯವರು ಸರದಿ ಮೇಲೆ ಬಳಸ್ತಾರೆ: ಮೊದಲು ಫರ್ಮ್‌ವೇರ್, ಆಮೇಲೆ ಬೂಟ್ ಲೋಡರ್, ಆಮೇಲೆ ಕರ್ನಲ್, ಕೊನೆಗೆ ಲಾಗಿನ್ ಕೇಳೋ ಗೆಟ್ಟಿ. ಒಬ್ಬರು ಇಟ್ಟ ಸ್ಪೀಡು, ಪೋರ್ಟು ಇನ್ನೊಬ್ಬರಿಗೆ ತಾನಾಗೇ ಗೊತ್ತಾಗಲ್ಲ, ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳ್ಬೇಕು. ಹಾಗಾಗಿ ಮೊದಲ ಪ್ರಶ್ನೆ ಯಾವಾಗ್ಲೂ ಇದೇ: ಅಕ್ಷರ ಯಾರ ಕೈಯಿಂದ ಯಾರ ಕೈಗೆ ಹೋಗೋವಾಗ ಕೆಟ್ಟಿತು? ಅದು ಗೊತ್ತಾದ್ರೆ ಆ ಒಂದು ಜಾಗ ಬಿಟ್ಟು ಬೇರೆ ಏನನ್ನೂ ಮುಟ್ಟಬೇಕಾಗಿಲ್ಲ.

(ಕಮಾಂಡ್‌ಗಳನ್ನ ಇಲ್ಲಿ ಓದೋ ಹಾಗೆ ಬರ್ದಿದೀನಿ, ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ. ಲಿನಕ್ಸ್ ಮೊದಲ ಸೀರಿಯಲ್ ಪೋರ್ಟ್‌ಗೆ ಕೊಡೋ ಟಿಟಿವೈಎಸ್0 ಅನ್ನೋ ಹೆಸರಲ್ಲಿ ಎಸ್ ಮಾತ್ರ ದೊಡ್ಡಕ್ಷರ, ಸಣ್ಣಕ್ಷರ ಹಾಕಿದ್ರೆ ಕರ್ನಲ್ ಗುರುತಿಸಲ್ಲ.)

ಮೊದಲು ನಿಮ್ಮ ತುದಿ

ಸರ್ವರ್ ಮೇಲೆ ಅನುಮಾನ ಪಡೋಕೆ ಮುಂಚೆ ಕೇಬಲ್ ಮತ್ತೆ ನಿಮ್ಮ ಲ್ಯಾಪ್‌ಟಾಪ್ ಕಡೆ ನೋಡಿ. ಒಂಬತ್ತು ಪಿನ್ ಕನೆಕ್ಟರ್‌ನಲ್ಲಿ 2 ಮತ್ತು 3ನೇ ಪಿನ್ ಶಾರ್ಟ್ ಮಾಡಿ ಟೈಪ್ ಮಾಡಿದ್ರೆ ನೀವು ಒತ್ತಿದ್ದೇ ವಾಪಸ್ ಕಾಣ್ಬೇಕು, ಕಾಣ್ಲಿಲ್ಲ ಅಂದ್ರೆ ತೊಂದರೆ ಇರೋದು ಈ ಕಡೆನೇ. ಅಕ್ಷರ ಕಾಣತ್ತೆ ಆದ್ರೆ ಟೈಪ್ ಮಾಡಿದ್ದು ಹೋಗಲ್ಲ ಅನ್ನೋ ದೂರಿಗೆ ಬಹಳ ಸಲ ಕಾರಣ ಮಿನಿಕಾಮ್ ಅನ್ನೋ ಟರ್ಮಿನಲ್ ಪ್ರೋಗ್ರಾಂನ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್, ಅದು ಮೊದಲಿಂದಾನೇ ಆನ್ ಇರತ್ತೆ, ಮೂರು ವೈರ್ ಕೇಬಲ್‌ನಲ್ಲಿ ಈಗ ಕಳಿಸ್ಬಹುದು ಅಂತ ಹೇಳೋ ಸಿಟಿಎಸ್ ಸಿಗ್ನಲ್ ಬರೋದೇ ಇಲ್ಲ, ಹಾಗಾಗಿ ಮಿನಿಕಾಮ್ ಕಾಯ್ತಾ ಕೂರತ್ತೆ. ಅದನ್ನ ಆಫ್ ಮಾಡಿ.

ಸಣ್ಣ ಆರ್ಮ್ ಬೋರ್ಡ್‌ಗಳಲ್ಲಿ ಇನ್ನೆರಡು ವಿಷಯ. ಅಲ್ಲಿರೋದು 3.3 ವೋಲ್ಟ್ ಟಿಟಿಎಲ್ ಸಿಗ್ನಲ್, ಹೆಚ್ಚು ವೋಲ್ಟೇಜಿನ ಆರ್‌ಎಸ್-232 ಕೇಬಲ್ ನೇರ ಹಾಕಿದ್ರೆ ಬೋರ್ಡ್ ಸುಟ್ಟೋಗತ್ತೆ. ಮತ್ತೆ ರಾಕ್‌ಚಿಪ್ ಬೋರ್ಡ್‌ಗಳು ಬಹಳ ಸಲ 15,00,000 ಬಾಡ್‌ನಲ್ಲಿ (ಬಾಡ್ ಅಂದ್ರೆ ಸೀರಿಯಲ್ ಲೈನಿನ ಸ್ಪೀಡು) ಮಾತಾಡ್ತವೆ, ಆ ಸ್ಪೀಡನ್ನ ಎಲ್ಲಾ ಯುಎಸ್‌ಬಿ ಅಡಾಪ್ಟರ್ ತಡಕೊಳ್ಳಲ್ಲ, ಆಗ ಬರೋ ಕಸ ನೋಡಿ ಬೂಟ್ ಲೋಡರ್ ಹಾಳಾಗಿದೆ ಅಂದ್ಕೋಬೇಡಿ.

ಕಸದಲ್ಲೂ ಜಾತಿ ಇದೆ. ಓದೋಕೆ ಒಂದೂ ಪದ ಸಿಗದ ಹಾಗೆ ಪೂರ್ತಿ ಕಸ ಆದ್ರೆ ಸ್ಪೀಡ್ ಹೊಂದ್ತಾ ಇಲ್ಲ. ಪದಗಳು ಸರಿ ಇದ್ದು ಮೆನು ಬಾರ್ಡರ್ ಗೆರೆ ಮಾತ್ರ ವಿಚಿತ್ರ ಅಕ್ಷರ ಆಗಿದ್ರೆ ಅದು ಟರ್ಮಿನಲ್ ಟೈಪ್ ಸಮಸ್ಯೆ, ಒಂದು ಕಡೆ ಯುಟಿಎಫ್-8, ಇನ್ನೊಂದು ಕಡೆ ವಿಟಿ100. ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ತಪ್ಪಿದ್ರೆ ಪ್ಯಾರಿಟಿ (ತಪ್ಪು ಹಿಡಿಯೋಕೆ ಸೇರಿಸೋ ಬಿಟ್) ಅಥವಾ ಕೇಬಲ್.

ಫರ್ಮ್‌ವೇರ್ ಒಳಗೆ

ಬಯಾಸ್ ಸೆಟಪ್‌ನಲ್ಲಿ ಸೀರಿಯಲ್‌ಗೆ ಸಾಮಾನ್ಯವಾಗಿ ಎರಡು ಜಾಗ ಇರತ್ತೆ, ಜನ ಒಂದನ್ನ ಮಾತ್ರ ನೋಡ್ತಾರೆ. ಒಂದು ಸೀರಿಯಲ್ ಪೋರ್ಟ್ ಕಾನ್ಫಿಗರೇಷನ್, ಅಂದ್ರೆ ಚಿಪ್ ಆನ್ ಇದೆಯಾ, ಅದರ ಅಡ್ರೆಸ್ ಏನು, ಐಆರ್‌ಕ್ಯು (ಚಿಪ್ ಪ್ರೊಸೆಸರ್‌ನ ಕರೆಯೋ ಇಂಟರಪ್ಟ್ ನಂಬರ್) ಏನು. ಇನ್ನೊಂದು ಕನ್ಸೋಲ್ ರೀಡೈರೆಕ್ಷನ್, ಅಂದ್ರೆ ಫರ್ಮ್‌ವೇರ್ ತನ್ನ ಸ್ಕ್ರೀನನ್ನ ಆ ಪೋರ್ಟ್‌ಗೆ ಕಳಿಸ್ಬೇಕಾ. ಎರಡನೇದನ್ನ ಆಫ್ ಮಾಡಿದ್ರೂ ಮೊದಲನೇದು ಆನ್ ಇದ್ರೆ ಗ್ರಬ್ ಮತ್ತೆ ಕರ್ನಲ್‌ಗೆ ಪೋರ್ಟ್ ಸಿಗತ್ತೆ. ಮೊದಲನೇದೇ ಆಫ್ ಆದ್ರೆ ಯಾರಿಗೂ ಇಲ್ಲ.

ಅಡ್ರೆಸ್‌ಗಳು ಹೀಗೆ: ಕಾಮ್1 ಅಂದ್ರೆ ಹೆಕ್ಸ್ 3ಎಫ್8, ಐಆರ್‌ಕ್ಯು 4. ಕಾಮ್2 ಅಂದ್ರೆ 2ಎಫ್8, ಐಆರ್‌ಕ್ಯು 3. ಕಾಮ್3 ಅಂದ್ರೆ 3ಇ8, ಕಾಮ್4 ಅಂದ್ರೆ 2ಇ8. ಬೋರ್ಡ್ ಹಿಂದೆ ಕಾಣೋ ಕನೆಕ್ಟರ್ ಬಹಳ ಸಲ ಕಾಮ್1, ಆದ್ರೆ ಬಿಎಂಸಿ (ಸರ್ವರ್‌ನ ದೂರದಿಂದ ನೋಡ್ಕೊಳ್ಳೋಕೆ ಬೋರ್ಡ್ ಮೇಲಿರೋ ಚಿಕ್ಕ ಕಂಪ್ಯೂಟರ್) ಮೂಲಕ ಬರೋ ಸೀರಿಯಲ್ ಓವರ್ ಲ್ಯಾನ್ ಬಹಳ ಸರ್ವರ್‌ಗಳಲ್ಲಿ ಕಾಮ್2. ಕೆಲವು ಬೋರ್ಡ್‌ಗಳಲ್ಲಿ ಈ ಎರಡನ್ನ ಅದಲು ಬದಲು ಮಾಡೋ ಆಪ್ಷನ್ನೂ ಇರತ್ತೆ, ಹಾಗಾಗಿ ಹೆಸರು ನಂಬಬೇಡಿ, ಅಡ್ರೆಸ್ ನಂಬಿ. ಕಾಮ್ ಎಣಿಕೆ 1ರಿಂದ ಶುರು, ಗ್ರಬ್‌ನ ಯುನಿಟ್ ಮತ್ತೆ ಲಿನಕ್ಸ್‌ನ ಟಿಟಿವೈಎಸ್ ಎಣಿಕೆ 0ಯಿಂದ ಶುರು. ಕಾಮ್2 ಅಂದ್ರೆ ಯುನಿಟ್ 1, ಟಿಟಿವೈಎಸ್1. ಈ ಒಂದು ಅಂಕಿ ವ್ಯತ್ಯಾಸದಲ್ಲೇ ಎಷ್ಟೋ ಜನರ ಮಧ್ಯಾಹ್ನ ಕಳ್ದೋಗಿದೆ.

ಸೀರಿಯಲ್ ಓವರ್ ಲ್ಯಾನ್ ನೆಟ್‌ವರ್ಕ್ ಮೇಲೆ ಬಂದ್ರೂ ಬಿಎಂಸಿ ಮತ್ತೆ ಸರ್ವರ್ ಮಧ್ಯೆ ಯುಎಆರ್‌ಟಿ ಇದ್ದೇ ಇದೆ, ಅದಕ್ಕೂ ಬಾಡ್ ರೇಟ್ ಇದೆ. ಬಿಎಂಸಿ ಜೊತೆ ಮಾತಾಡೋ ಐಪಿಎಂಐಟೂಲ್ ಕಮಾಂಡ್‌ನಲ್ಲಿ "ಸೋಲ್ ಇನ್ಫೋ" ಕೊಟ್ರೆ ಬಿಟ್ ರೇಟ್ ತೋರ್ಸತ್ತೆ, ಅಲ್ಲಿ 115.2 ಅಂತಿದ್ರೆ ಉಳಿದ ಎಲ್ಲಾ ಕಡೆ 115200 ಇರ್ಲಿ. ಅಲ್ಲಿ 19.2 ಇದ್ದು ಗ್ರಬ್‌ನಲ್ಲಿ 115200 ಇಟ್ರೆ ಬರೋದು ಕಸಾನೇ.

ಈಗ ಮುಖ್ಯ ಆಪ್ಷನ್: ಪೋಸ್ಟ್ (ಪವರ್ ಆನ್ ಆದಾಗ ಫರ್ಮ್‌ವೇರ್ ಮಾಡೋ ಪರೀಕ್ಷೆ) ಆದ ಮೇಲೂ ರೀಡೈರೆಕ್ಷನ್ ಮುಂದುವರಿಸ್ಬೇಕಾ ಅನ್ನೋದು. ಒಂದೊಂದು ಫರ್ಮ್‌ವೇರ್‌ನಲ್ಲಿ ಒಂದೊಂದು ಹೆಸರು, ಯಾವಾಗ್ಲೂ ಆನ್, ಬೂಟ್ ಲೋಡರ್ ತನಕ, ಆಫ್ ಅಂತ ಆಯ್ಕೆಗಳು. ಕೆಳಗೆ ಹೇಳೋ ಅರ್ಧ ತೊಂದರೆ ಹುಟ್ಟೋದು ಇಲ್ಲೇ.

ಗ್ರಬ್: ಖಾಲಿ ಸ್ಕ್ರೀನು, ಜೋಡಿ ಅಕ್ಷರ, ನುಂಗಿಹೋಗೋ ಕೀ

ಮೊದಲು ಫೈಲ್ ಮುಟ್ಟಬೇಡಿ. ಹೇಗಾದ್ರೂ ಮಾಡಿ ಒಂದ್ಸಲ ಮೆನು ನೋಡೋ ಹಾಗೆ ಮಾಡಿ (ಕೆವಿಎಂ, ಅಂದ್ರೆ ಸ್ಕ್ರೀನು, ಕೀಬೋರ್ಡನ್ನ ದೂರದಿಂದ ಕೊಡೋ ಸಾಧನ ಇದ್ರೆ ಅದರಲ್ಲಿ), ಸಿ ಒತ್ತಿ ಗ್ರಬ್‌ನ ಕಮಾಂಡ್ ಲೈನಿಗೆ ಹೋಗಿ, ಅಲ್ಲೇ "ಸೀರಿಯಲ್ --ಯುನಿಟ್=1 --ಸ್ಪೀಡ್=115200" ಹೊಡೀರಿ, ಆಮೇಲೆ "ಟರ್ಮಿನಲ್_ಔಟ್‌ಪುಟ್ ಕನ್ಸೋಲ್ ಸೀರಿಯಲ್" ಹೊಡೀರಿ. ಅಷ್ಟೇ, ತಕ್ಷಣ ಗೊತ್ತಾಗತ್ತೆ. ಸೀರಿಯಲ್ ತುದೀಲಿ ಪ್ರಾಂಪ್ಟ್ ಬಂತು ಅಂದ್ರೆ ಪೋರ್ಟ್, ಸ್ಪೀಡ್ ಎರಡೂ ಸರಿ. ಕಸ ಬಂದ್ರೆ ಪೋರ್ಟ್ ಸರಿ, ಸ್ಪೀಡ್ ತಪ್ಪು. ಏನೂ ಬರ್ಲಿಲ್ಲ ಅಂದ್ರೆ ಯುನಿಟ್ 0 ಹಾಕಿ ನೋಡಿ. ರೀಬೂಟ್ ಮಾಡ್ತಾ ಮಾಡ್ತಾ ಊಹೆ ಮಾಡೋದಕ್ಕಿಂತ ಇದು ಎಷ್ಟೋ ವಾಸಿ. ಸ್ಪೀಡ್ ಹೇಳದೆ ಬಿಟ್ರೆ ಗ್ರಬ್ 9600 ಅಂತ ತಿಳ್ಕೊಳತ್ತೆ, ಅದಕ್ಕೇ ಸ್ಪೀಡನ್ನ ಯಾವಾಗ್ಲೂ ಬರೀರಿ.

ಸೀರಿಯಲ್ ಪೋರ್ಟ್ ಸಿಗ್ಲಿಲ್ಲ ಅನ್ನೋ ಎರರ್ ಬಂದ್ರೆ ಎರಡು ಕಾರಣ ಇರ್ಬಹುದು. ಹಳೇ ಬಯಾಸ್ ಮೋಡ್‌ನಲ್ಲಿ ಗ್ರಬ್ ಯುನಿಟ್ ನಂಬರ್‌ನಿಂದ ಅಡ್ರೆಸ್ ಹುಡುಕೋದು ಮೆಮೊರಿಯ ಹೆಕ್ಸ್ 400ನೇ ಜಾಗದಲ್ಲಿ, ಅಲ್ಲಿ ಬಯಾಸ್ ನಾಲ್ಕು ಕಾಮ್ ಪೋರ್ಟ್‌ಗಳ ಅಡ್ರೆಸ್ ಬರೆದಿಟ್ಟಿರತ್ತೆ. ಕೆಲವು ಫರ್ಮ್‌ವೇರ್ ಅಲ್ಲಿ ಸೊನ್ನೆ ಬಿಡತ್ತೆ, ಇಲ್ಲಾ ಪೋರ್ಟ್‌ಗಳ ಕ್ರಮಾನೇ ಬದಲಾಯಿಸತ್ತೆ. ಆಗ ಯುನಿಟ್ ಬಿಟ್ಟು ನೇರವಾಗಿ "--ಪೋರ್ಟ್=0ಎಕ್ಸ್2ಎಫ್8" ಅಂತ ಕೊಡಿ, ಟೇಬಲ್‌ನಲ್ಲಿ ಏನೇ ಇದ್ರೂ ಚಿಂತೆ ಇಲ್ಲ. ಎರಡನೇ ಕಾರಣ, ಗ್ರಬ್ ಪೋರ್ಟ್ ನಿಜಕ್ಕೂ ಇದೆಯಾ ಅಂತ ನೋಡೋಕೆ ಚಿಪ್‌ನ ಸ್ಕ್ರ್ಯಾಚ್ ರಿಜಿಸ್ಟರ್‌ಗೆ ಒಂದು ಬೆಲೆ ಬರೆದು ವಾಪಸ್ ಓದತ್ತೆ, ಬರೆದದ್ದೇ ವಾಪಸ್ ಬರ್ಲಿಲ್ಲ ಅಂದ್ರೆ ಪೋರ್ಟ್ ಇಲ್ಲ ಅಂತ ಬಿಡತ್ತೆ. ಚಿಪ್ ಸೆಟಪ್‌ನಲ್ಲಿ ಆಫ್ ಆಗಿದ್ರೆ ಹೀಗೇ ಆಗತ್ತೆ. ಪಿಸಿಐ ಕಾರ್ಡ್ ಮೇಲಿನ ಪೋರ್ಟು, ಮೆಮೊರಿ ಅಡ್ರೆಸ್‌ನಲ್ಲಿರೋ ಪೋರ್ಟು ಹಳೇ ಗ್ರಬ್‌ಗೆ ಕಾಣೋದೇ ಇಲ್ಲ. 2.12 ಆವೃತ್ತಿಯಲ್ಲಿ ಅದಕ್ಕೆ ಬೆಂಬಲ ಬಂತು, ಕನ್ಸೋಲ್ ಯಾವ ಪೋರ್ಟ್ ಅಂತ ಫರ್ಮ್‌ವೇರ್ ಬರೆದುಕೊಡೋ ಎಸ್‌ಪಿಸಿಆರ್ ಟೇಬಲ್ ಓದಿ "ಸೀರಿಯಲ್ ಆಟೋ" ಅಂತ ತಾನೇ ಪೋರ್ಟ್ ಆರಿಸ್ಕೊಳ್ಳೋದೂ ಬಂತು.

ಇನ್ನು ಜೋಡಿ ಅಕ್ಷರ. ಮೆನು ಹೆಸರಿನ ಜಾಗದಲ್ಲಿ "ಲ್ಲಿನನಕ್ಸ್ಕ್ಸ್" ಥರ ಪ್ರತಿ ಅಕ್ಷರ ಎರಡು ಸಲ ಬಿದ್ರೆ ಏನೋ ಹಾಳಾಗಿದೆ ಅಂತಲ್ಲ, ಇಬ್ಬರು ಒಂದೇ ಕೆಲಸ ಮಾಡ್ತಿದಾರೆ ಅಂತ. ಗ್ರಬ್‌ಗೆ ನೀವು "ಕನ್ಸೋಲ್ ಸೀರಿಯಲ್" ಎರಡಕ್ಕೂ ಬರಿ ಅಂದಿದೀರಿ. ಸೀರಿಯಲ್‌ಗೆ ಅದು ನೇರ ಚಿಪ್‌ಗೆ ಬರೀತು. ಕನ್ಸೋಲ್‌ಗೆ ಬರೆದದ್ದು ಫರ್ಮ್‌ವೇರ್ ಮೂಲಕ ಹೋಗತ್ತೆ, ಫರ್ಮ್‌ವೇರ್ ರೀಡೈರೆಕ್ಷನ್ ಇನ್ನೂ ಆನ್ ಇರೋದ್ರಿಂದ ಅದೂ ಅದೇ ಚಿಪ್‌ಗೆ ಇನ್ನೊಂದು ಪ್ರತಿ ಕಳಿಸ್ತು. ಹಳೇ ಬಯಾಸ್ ಮೋಡ್ ಆದ್ರೆ ಪೋಸ್ಟ್ ನಂತರದ ರೀಡೈರೆಕ್ಷನ್ ಆಫ್ ಮಾಡಿ, ಮುಗೀತು. ಯುಇಎಫ್‌ಐ ಮೋಡ್‌ನಲ್ಲಿ ಆ ಆಪ್ಷನ್‌ಗೆ ಬಹಳ ಸಲ ಬೆಲೆ ಇರಲ್ಲ, ಯಾಕಂದ್ರೆ ಕನ್ಸೋಲ್ ಔಟ್ ಅನ್ನೋದೇ ಸ್ಕ್ರೀನ್ ಮತ್ತು ಸೀರಿಯಲ್ ಎರಡಕ್ಕೂ ಕಟ್ಟಿರೋ ಒಂದು ಸಾಧನ. ಅಲ್ಲಿ ಗ್ರಬ್ ಕಡೆಯಿಂದಲೇ ಒಬ್ಬರನ್ನ ಬಿಡಿಸ್ಬೇಕು.

ಹಾಗೇ ಖಾಲಿ ಸ್ಕ್ರೀನ್‌ಗೂ ಇದೇ ವಿಷಯದ ಇನ್ನೊಂದು ಮುಖ. ಬಹಳ ಡಿಸ್ಟ್ರೋಗಳಲ್ಲಿ ಗ್ರಬ್ ಸುಮ್ನೆ ಬಿಟ್ರೆ ಜಿಎಫ್‌ಎಕ್ಸ್‌ಟರ್ಮ್ ಅನ್ನೋ ಗ್ರಾಫಿಕ್ಸ್ ಟರ್ಮಿನಲ್ ಬಳಸತ್ತೆ. ಫರ್ಮ್‌ವೇರ್ ರೀಡೈರೆಕ್ಟ್ ಮಾಡೋದು ಟೆಕ್ಸ್ಟ್ ಮಾತ್ರ, ಚಿತ್ರವಾಗಿ ಬಿಡಿಸಿದ ಮೆನು ಅದಕ್ಕೆ ಕಾಣಲ್ಲ. ಗ್ರಬ್‌ಗೆ ಸೀರಿಯಲ್ ಬಗ್ಗೆ ಏನೂ ಹೇಳಿಲ್ಲ ಅಂದ್ರೆ ಪೋಸ್ಟ್ ತನಕ ಬಂದ ಅಕ್ಷರ ಅಲ್ಲೇ ನಿಲ್ಲತ್ತೆ. ಮೆನು ಇದೆ, ಕೌಂಟ್‌ಡೌನ್ ನಡೀತಿದೆ, ನಿಮಗೆ ಕಾಣ್ತಿಲ್ಲ ಅಷ್ಟೇ.

ಮೂರನೇದು ಹಿಡಿಯೋಕೆ ಸ್ವಲ್ಪ ಕಷ್ಟ. ಔಟ್‌ಪುಟ್ ಚೆನ್ನಾಗಿದೆ, ಆದ್ರೆ ಬಾಣದ ಕೀ ಒತ್ತಿದ್ರೆ ಒಂದ್ಸಲ ಕೆಲಸ ಮಾಡತ್ತೆ, ಇನ್ನೊಂದ್ಸಲ ಮೆನು ಬಿಟ್ಟು ಎಲ್ಲೋ ಹೋಗತ್ತೆ. ಮೇಲ್ಬಾಣ ಒತ್ತಿದಾಗ ಟರ್ಮಿನಲ್ ಕಳಿಸೋದು ಮೂರು ಅಕ್ಷರ: ಎಸ್ಕೇಪ್, ಚೌಕ ಬ್ರ್ಯಾಕೆಟ್, ದೊಡ್ಡ ಎ. ಇನ್‌ಪುಟ್‌ನಲ್ಲೂ ಕನ್ಸೋಲ್, ಸೀರಿಯಲ್ ಎರಡೂ ಇದ್ರೆ ಫರ್ಮ್‌ವೇರ್ ಮತ್ತೆ ಗ್ರಬ್ ಇಬ್ಬರೂ ಒಂದೇ ಚಿಪ್‌ನಿಂದ ಓದ್ತಿರ್ತಾರೆ, ಎಸ್ಕೇಪ್ ಒಬ್ಬರಿಗೆ ಹೋಗತ್ತೆ, ಉಳಿದೆರಡು ಇನ್ನೊಬ್ಬರಿಗೆ. ಗ್ರಬ್‌ಗೆ ಬರೀ ಎಸ್ಕೇಪ್ ಸಿಕ್ಕಿದ್ರೆ ಅದಕ್ಕೆ ಬೇರೆ ಅರ್ಥ. ಇನ್‌ಪುಟ್ ಒಬ್ಬರಿಂದ ಮಾತ್ರ ಓದಿಸಿ.

ಹಾಗಾದ್ರೆ ಯಾವ ಜೋಡಿ ಇಡ್ಬೇಕು? ನನ್ನ ಅಭಿಪ್ರಾಯ ಹೇಳ್ತೀನಿ. ಯುಇಎಫ್‌ಐ ಸರ್ವರ್‌ನಲ್ಲಿ ಫರ್ಮ್‌ವೇರ್ ರೀಡೈರೆಕ್ಷನ್ ನಂಬಿಕಸ್ಥ ಆಗಿದ್ರೆ "ಗ್ರಬ್_ಟರ್ಮಿನಲ್=ಕನ್ಸೋಲ್" ಅಷ್ಟೇ ಸಾಕು, ಸೀರಿಯಲ್ ಕಮಾಂಡೇ ಬೇಡ. ಸ್ಕ್ರೀನು, ಸೀರಿಯಲ್ ಎರಡರಲ್ಲೂ ಅದೇ ಮೆನು ಬರತ್ತೆ, ಪೋರ್ಟ್ ನಂಬರ್ ತಲೆನೋವಿಲ್ಲ. ಫರ್ಮ್‌ವೇರ್ ನಿಧಾನ, ಅಥವಾ ಸ್ಕ್ರೀನನ್ನ ಅಲ್ಲಲ್ಲಿ ಹರಿದ ಹಾಗೆ ಬಿಡಿಸತ್ತೆ ಅಂತಾದ್ರೆ ಔಟ್‌ಪುಟ್ ಮತ್ತೆ ಇನ್‌ಪುಟ್ ಬೇರೆ ಬೇರೆ ಸಾಲಲ್ಲಿ ಬರೀರಿ: "ಗ್ರಬ್_ಟರ್ಮಿನಲ್_ಔಟ್‌ಪುಟ್" ಗೆ "ಜಿಎಫ್‌ಎಕ್ಸ್‌ಟರ್ಮ್ ಸೀರಿಯಲ್", "ಗ್ರಬ್_ಟರ್ಮಿನಲ್_ಇನ್‌ಪುಟ್" ಗೆ ಬರೀ "ಕನ್ಸೋಲ್". ಜಿಎಫ್‌ಎಕ್ಸ್‌ಟರ್ಮ್ ಫರ್ಮ್‌ವೇರ್‌ನ ಟೆಕ್ಸ್ಟ್ ದಾರೀಲಿ ಹೋಗಲ್ಲ, ಹಾಗಾಗಿ ಜೋಡಿ ಅಕ್ಷರ ಬರಲ್ಲ, ಕೀಗಳನ್ನ ಫರ್ಮ್‌ವೇರ್ ಒಬ್ಬನೇ ಓದೋದ್ರಿಂದ ನುಂಗಿಹೋಗಲ್ಲ. ಬರೀ "ಗ್ರಬ್_ಟರ್ಮಿನಲ್" ಅನ್ನೋ ಸಾಲೂ ಫೈಲಲ್ಲಿ ಉಳಿದಿದ್ರೆ ಅದು ಈ ಎರಡನ್ನೂ ಅಳಿಸಿಹಾಕತ್ತೆ, ತೆಗೆದುಬಿಡಿ. ಹಳೇ ಬಯಾಸ್ ಮೋಡ್‌ನಲ್ಲಿ ಪೋಸ್ಟ್ ನಂತರದ ರೀಡೈರೆಕ್ಷನ್ ಆಫ್ ಮಾಡಿ, ಗ್ರಬ್‌ಗೆ "ಕನ್ಸೋಲ್ ಸೀರಿಯಲ್" ಎರಡೂ ಕೊಡಿ, ಅದೇ ಸ್ವಚ್ಛ.

ಇನ್ನೊಂದು ಮಾತು. ಕೌಂಟ್‌ಡೌನ್ ನಿಂತು ಸರ್ವರ್ ಮೆನುವಲ್ಲೇ ಕೂತಿದ್ರೆ ಸೀರಿಯಲ್ ಲೈನಿಂದ ಒಂದು ಅಕ್ಷರ ಬಂದಿರ್ಬಹುದು. ಗ್ರಬ್‌ಗೆ ಯಾವ ಕೀ ಬಂದ್ರೂ ಟೈಮರ್ ನಿಲ್ಲತ್ತೆ. ಕನೆಕ್ಟ್ ಆಗದೆ ತೇಲಾಡೋ ವೈರು, ತಾನಾಗೇ ಸಾಲು ಕಳಿಸೋ ಮೋಡೆಮ್, ಇನ್ನೊಂದು ತುದೀಲಿ ಕೂತು ಲಾಗಿನ್ ಅಂತ ಕೇಳ್ತಿರೋ ಇನ್ನೊಂದು ಮಷಿನ್, ಯಾವುದೂ ಆಗ್ಬಹುದು. ಸಣ್ಣ ಬೋರ್ಡ್‌ಗಳ ಬೂಟ್ ಲೋಡರ್ ಆದ ಯು-ಬೂಟ್‌ನಲ್ಲೂ ಇದೇ ಕಥೆ, ಸೀರಿಯಲ್‌ಗೆ ಜಿಪಿಎಸ್ ಹಾಕಿದ್ರೆ ಅದು ಬಿಡದೆ ಕಳಿಸೋ ಸಾಲು ಆಟೋಬೂಟ್‌ನ ನಿಲ್ಲಿಸಿಬಿಡತ್ತೆ. ಅಲ್ಲಿ ನಿರ್ದಿಷ್ಟ ಪದ ಟೈಪ್ ಮಾಡಿದ್ರೆ ಮಾತ್ರ ನಿಲ್ಲೋ ಹಾಗೆ ಬಿಲ್ಡ್ ಮಾಡೋಕೆ ಆಪ್ಷನ್ ಇದೆ, ಬೂಟ್‌ಡಿಲೇ ಮೈನಸ್ 2 ಇಟ್ರೆ ಕೀ ನೋಡೋದೇ ಇಲ್ಲ.

ಕರ್ನಲ್ ಶುರುವಾದ ಮೇಲೆ

ಗ್ರಬ್ ಮೆನು ಸರಿ, ಎಂಟರ್ ಒತ್ತಿದ ಮೇಲೆ ಮೌನ. ಗ್ರಬ್‌ನ ಸೀರಿಯಲ್ ಸೆಟ್ಟಿಂಗ್ ಕರ್ನಲ್‌ಗೆ ಹೋಗಲ್ಲ, ಅದಕ್ಕೆ ಕಮಾಂಡ್ ಲೈನ್‌ನಲ್ಲಿ ಬೇರೆ ಹೇಳ್ಬೇಕು: "ಕನ್ಸೋಲ್=ಟಿಟಿವೈ0 ಕನ್ಸೋಲ್=ಟಿಟಿವೈಎಸ್1,115200ಎನ್8". ಕರ್ನಲ್ ಮೆಸೇಜ್ ಎರಡಕ್ಕೂ ಹೋಗತ್ತೆ, ಆದ್ರೆ ಕೊನೇಲಿ ಬರೆದದ್ದೇ ಮುಖ್ಯ ಕನ್ಸೋಲ್, ಇನಿಟ್‌ನ (ಕರ್ನಲ್ ಶುರು ಮಾಡೋ ಮೊದಲ ಪ್ರೋಗ್ರಾಂ) ಮೆಸೇಜು, ಎಮರ್ಜೆನ್ಸಿ ಶೆಲ್ಲು ಬರೋದು ಅಲ್ಲಿಗೇ. ಕರ್ನಲ್ ಸಾಲುಗಳೆಲ್ಲ ಕಾಣ್ತವೆ, ಆಮೇಲೆ ಸರ್ವೀಸ್ ಶುರುವಾಗೋದು ಕಾಣಲ್ಲ ಅಂದ್ರೆ ಈ ಕ್ರಮ ನೋಡಿ. ಸ್ಪೀಡ್ ಬರೀದೆ ಬಿಟ್ರೆ ಇಲ್ಲೂ 9600, ಗ್ರಬ್ 115200ರಲ್ಲಿ ಚೆನ್ನಾಗಿದ್ದು ಕರ್ನಲ್ ಬಂದ ತಕ್ಷಣ ಕಸ ಆಗೋದಕ್ಕೆ ಇದೇ ಕಾರಣ.

ಪರೀಕ್ಷೆಗೆ ಮೆನುವಲ್ಲಿ ಇ ಒತ್ತಿ ಲಿನಕ್ಸ್ ಸಾಲಿನ ಕೊನೆಗೆ ಸೇರಿಸಿ ಬೂಟ್ ಮಾಡಿ, ಸರಿ ಆದ್ಮೇಲೆ ಫೈಲಲ್ಲಿ ಬರೀರಿ. ಡೆಬಿಯನ್ ಕಡೆ "/ಇಟಿಸಿ/ಡಿಫಾಲ್ಟ್/ಗ್ರಬ್" ಫೈಲ್ ತಿದ್ದಿ ಅಪ್‌ಡೇಟ್-ಗ್ರಬ್ ಹೊಡೀಬೇಕು. ಫೆಡೋರಾ, ರೆಡ್ ಹ್ಯಾಟ್ ಕಡೆ ಒಂದೊಂದು ಕರ್ನಲ್‌ಗೂ ಬೇರೆ ಎಂಟ್ರಿ ಫೈಲ್ ಇರೋದ್ರಿಂದ ಗ್ರಬ್ಬಿ ಕಮಾಂಡ್‌ನಿಂದ ಎಲ್ಲಾ ಕರ್ನಲ್‌ಗೂ ಒಟ್ಟಿಗೆ ಸೇರಿಸೋದು ಒಳ್ಳೇದು.

ಕರ್ನಲ್ ಒಂದು ಸಾಲೂ ತೋರಿಸದೆ ಸಾಯ್ತಿದ್ರೆ ಸಾಮಾನ್ಯ ಸೀರಿಯಲ್ ಡ್ರೈವರ್ ಶುರುವಾಗೋಕೆ ಮುಂಚೇನೇ ಸತ್ತಿದೆ. "ಅರ್ಲಿಕಾನ್=ಯುಎಆರ್‌ಟಿ8250,ಐಓ,0ಎಕ್ಸ್2ಎಫ್8,115200ಎನ್8" ಹಾಕಿದ್ರೆ ಮೊದಲ ಸಾಲಿಂದಾನೇ ಕಾಣತ್ತೆ. ಬರೀ "ಅರ್ಲಿಕಾನ್" ಅಂತ ಕೊಟ್ರೆ ಕರ್ನಲ್ ಎಸ್‌ಪಿಸಿಆರ್ ಟೇಬಲ್ ನೋಡತ್ತೆ. ಆರ್ಮ್64 ಸರ್ವರ್‌ಗಳಲ್ಲಿ ಕಮಾಂಡ್ ಲೈನ್‌ನಲ್ಲಿ ಏನೂ ಇಲ್ಲದಿದ್ರೂ ಆ ಟೇಬಲ್ ಹೇಳಿದ ಪೋರ್ಟೇ ಕನ್ಸೋಲ್ ಆಗತ್ತೆ, ಫರ್ಮ್‌ವೇರ್ ಅಲ್ಲಿ ತಪ್ಪು ಬರೆದಿದ್ರೆ ಅಕ್ಷರ ತಪ್ಪು ಪೋರ್ಟ್‌ಗೆ ಹೋಗತ್ತೆ, ಆಗ "ಕನ್ಸೋಲ್=" ಅಂತ ನೀವೇ ಬರೆದು ಹೇಳಿ.

ಸಿಸ್ಟಮ್ ಎಸ್‌ಎಸ್‌ಎಚ್‌ನಲ್ಲಿ ಸಿಕ್ತು, ಸೀರಿಯಲ್ ಮಾತ್ರ ಇಲ್ಲ ಅಂದ್ರೆ "/ಪ್ರಾಕ್/ಟಿಟಿವೈ/ಡ್ರೈವರ್/ಸೀರಿಯಲ್" ಅನ್ನೋ ಫೈಲ್ ತೆಗೆದು ನೋಡಿ. ನನಗಂತೂ ಇದಕ್ಕಿಂತ ಉಪಯೋಗದ ಫೈಲ್ ಇನ್ನೊಂದಿಲ್ಲ. ಹೀಗಿರತ್ತೆ:

0: ಯುಎಆರ್‌ಟಿ:16550ಎ ಪೋರ್ಟ್:000003ಎಫ್8 ಐಆರ್‌ಕ್ಯು:4 ಟಿಎಕ್ಸ್:0 ಆರ್‌ಎಕ್ಸ್:0
1: ಯುಎಆರ್‌ಟಿ:16550ಎ ಪೋರ್ಟ್:000002ಎಫ್8 ಐಆರ್‌ಕ್ಯು:3 ಟಿಎಕ್ಸ್:412 ಆರ್‌ಎಕ್ಸ್:37 ಎಫ್‌ಇ:29
2: ಯುಎಆರ್‌ಟಿ:ಅನ್‌ನೋನ್ ಪೋರ್ಟ್:000003ಇ8 ಐಆರ್‌ಕ್ಯು:4

ಅನ್‌ನೋನ್ ಅಂದ್ರೆ ಅಲ್ಲಿ ಚಿಪ್ಪೇ ಇಲ್ಲ. ನಿಮ್ಮ ಕಡೆಯಿಂದ ಕೀ ಒತ್ತುತ್ತಾ ಯಾವ ಸಾಲಿನ ಆರ್‌ಎಕ್ಸ್ (ಬಂದ ಅಕ್ಷರಗಳ ಎಣಿಕೆ) ಏರತ್ತೆ ನೋಡಿ, ನಿಮ್ಮ ಕೇಬಲ್ ಸಿಕ್ಕಿರೋದು ಅಲ್ಲಿಗೆ. ಎಫ್‌ಇ ಅಂದ್ರೆ ಫ್ರೇಮಿಂಗ್ ಎರರ್, ಮೇಲಿನ ಹಾಗೆ ಆರ್‌ಎಕ್ಸ್ ಜೊತೆ ಅದೂ ಏರ್ತಿದ್ರೆ ಪೋರ್ಟ್ ಸರಿ, ಸ್ಪೀಡ್ ತಪ್ಪು. (ಯಾವುದಾದ್ರೂ ಪ್ರೋಗ್ರಾಂ ಆ ಪೋರ್ಟ್ ತೆರೆದಿದ್ರೆ ಮಾತ್ರ ಆರ್‌ಎಕ್ಸ್ ಏರೋದು, ಹಾಗಾಗಿ ಇನ್ನೊಂದು ಕಿಟಕೀಲಿ ಕ್ಯಾಟ್ ಕಮಾಂಡ್‌ನಿಂದ ಅದನ್ನ ತೆರೆದಿಡಿ.)

ಇನ್ನೊಂದು ಫರ್ಮ್‌ವೇರ್ ಕಾಟ ಇದೆ, ಅದರ ಲಕ್ಷಣ ಗೊತ್ತಿಲ್ಲದಿದ್ರೆ ಹಿಡಿಯೋದು ಬಹಳ ಕಷ್ಟ: ಕರ್ನಲ್ ಮೆಸೇಜ್ ಪೂರ್ತಿ ಸರಿಯಾಗಿ ಬರತ್ತೆ, ಲಾಗಿನ್ ಪ್ರಾಂಪ್ಟ್ ಬರಲ್ಲ, ಅಥವಾ ಬಂದು ಅರ್ಧಕ್ಕೆ ನಿಲ್ಲತ್ತೆ. ಕರ್ನಲ್ ಮೆಸೇಜ್ ಕಳಿಸೋವಾಗ ಚಿಪ್ ಖಾಲಿ ಆಯ್ತಾ ಅಂತ ಕೇಳಿ ಕೇಳಿ ಕಳಿಸತ್ತೆ, ಅದಕ್ಕೆ ಇಂಟರಪ್ಟ್ ಬೇಡ. ಗೆಟ್ಟಿ ಮಾತಾಡೋದು ಮಾಮೂಲಿ ಡ್ರೈವರ್ ಮೂಲಕ, ಅದಕ್ಕೆ ಇಂಟರಪ್ಟ್ ಬೇಕೇ ಬೇಕು. ಫರ್ಮ್‌ವೇರ್ ತಪ್ಪು ಐಆರ್‌ಕ್ಯು ಹೇಳಿದ್ರೆ ಮೊದಲನೇದು ಓಡತ್ತೆ, ಎರಡನೇದು ಓಡಲ್ಲ. "/ಪ್ರಾಕ್/ಇಂಟರಪ್ಟ್ಸ್" ಫೈಲಲ್ಲಿ ಆ ಸಾಲಿನ ಎಣಿಕೆ ಕೀ ಒತ್ತಿದ್ರೂ ಅಲ್ಲಾಡ್ತಿಲ್ಲ ಅಂದ್ರೆ ಇದೇ. ಸೆಟ್‌ಸೀರಿಯಲ್‌ನಿಂದ ಐಆರ್‌ಕ್ಯು 0 ಮಾಡಿ, ಡ್ರೈವರ್ ಇಂಟರಪ್ಟ್ ಬಿಟ್ಟು ಟೈಮರ್ ಮೇಲೆ ಕೆಲಸ ಮಾಡತ್ತೆ. ನಿಧಾನ, ಆದ್ರೆ ಲಾಗಿನ್ ಸಿಗತ್ತೆ. ಶಾಶ್ವತ ಪರಿಹಾರ ಸೆಟಪ್‌ನಲ್ಲಿ ಐಆರ್‌ಕ್ಯು ಸರಿ ಮಾಡೋದು ಅಥವಾ ಫರ್ಮ್‌ವೇರ್ ಅಪ್‌ಡೇಟ್.

ಗೆಟ್ಟಿಗೆ ಬೇರೆ ಕೆಲಸ ಹೆಚ್ಚಿಲ್ಲ, ಸಿಸ್ಟಮ್‌ಡಿ ಇದ್ರೆ ಮುಖ್ಯ ಕನ್ಸೋಲ್ ನೋಡಿ ಸೀರಿಯಲ್-ಗೆಟ್ಟಿ ಸರ್ವೀಸನ್ನ ತಾನೇ ಶುರು ಮಾಡತ್ತೆ.

ಬೂಟ್ ವಿಪರೀತ ನಿಧಾನ ಆದ್ರೆ ಸ್ಪೀಡ್ ಲೆಕ್ಕ ಹಾಕಿ. 9600 ಅಂದ್ರೆ ಸೆಕೆಂಡಿಗೆ 960 ಅಕ್ಷರ. ಬೂಟ್ ಲಾಗ್ ಒಂದು ಲಕ್ಷ ಅಕ್ಷರ ಇದ್ರೆ ಕಳಿಸೋಕೇ 100 ಸೆಕೆಂಡ್ ದಾಟತ್ತೆ, 115200ರಲ್ಲಿ ಸುಮಾರು 9 ಸೆಕೆಂಡ್. ಕರ್ನಲ್ ಆ ಹೊತ್ತೆಲ್ಲಾ ಕಾಯ್ತಿರತ್ತೆ. 9600 ಇಡೋಕೆ ಹಳೇ ಟರ್ಮಿನಲ್ ಸರ್ವರ್ ಬಿಟ್ರೆ ಬೇರೆ ಕಾರಣ ಇಲ್ಲ, ಇದ್ದೇ ತೀರಬೇಕು ಅಂದ್ರೆ "ಕ್ವೈಟ್" ಹಾಕಿ ಮೆಸೇಜ್ ಕಮ್ಮಿ ಮಾಡಿ.

ರಾಸ್‌ಬೆರಿ ಪೈ, ಫ್ರೀಬಿಎಸ್‌ಡಿ

ಪೈ 3, ಪೈ 4ರಲ್ಲಿ ಒಳ್ಳೇ ಯುಎಆರ್‌ಟಿನ ಬ್ಲೂಟೂತ್‌ಗೆ ಕೊಟ್ಟಿದಾರೆ, ಪಿನ್‌ಗಳಿಗೆ ಬರೋದು ಮಿನಿ ಯುಎಆರ್‌ಟಿ. ಅದರ ಬಾಡ್ ರೇಟ್ ಜಿಪಿಯು ಕೋರ್ ಕ್ಲಾಕ್‌ನಿಂದ ಹುಟ್ಟತ್ತೆ, ಕ್ಲಾಕ್ ಬದಲಾದ್ರೆ ಮಧ್ಯದಲ್ಲೇ ಕಸ. ಕಾನ್ಫಿಗ್ ಫೈಲಲ್ಲಿ "ಎನೇಬಲ್_ಯುಎಆರ್‌ಟಿ=1" ಹಾಕಿ, ಕ್ಲಾಕ್ ಸ್ಥಿರ ಆಗತ್ತೆ. ಬ್ಲೂಟೂತ್ ಬೇಡ ಅಂದ್ರೆ ಡಿಸೇಬಲ್-ಬಿಟಿ ಓವರ್‌ಲೇ ಹಾಕಿ ಒಳ್ಳೇದನ್ನೇ ಪಿನ್‌ಗೆ ತರಿಸ್ಕೊಳ್ಳಿ. ಕಮಾಂಡ್ ಲೈನ್‌ನಲ್ಲಿ "ಸೀರಿಯಲ್0" ಅಂತ ಬರೆದ್ರೆ ಪೈ ಫರ್ಮ್‌ವೇರೇ ಸರಿಯಾದ ಹೆಸರಿಗೆ ಬದಲಾಯಿಸತ್ತೆ.

ಫ್ರೀಬಿಎಸ್‌ಡಿ ಲೋಡರ್‌ನಲ್ಲಿ ಹೆಸರು ಬೇರೆ, ತರ್ಕ ಅದೇ. "ಕಾಮ್‌ಕನ್ಸೋಲ್_ಪೋರ್ಟ್", "ಕಾಮ್‌ಕನ್ಸೋಲ್_ಸ್ಪೀಡ್" ಎರಡನ್ನೂ ಲೋಡರ್ ಕಾನ್ಫ್ ಫೈಲಲ್ಲಿ ಬರೀರಿ, "ಬೂಟ್_ಮಲ್ಟಿಕಾನ್ಸ್", "ಬೂಟ್_ಸೀರಿಯಲ್" ಯೆಸ್ ಮಾಡಿ. ಯುಇಎಫ್‌ಐನಲ್ಲಿ "ಕನ್ಸೋಲ್" ಸಾಲಲ್ಲಿ ಕಾಮ್‌ಕನ್ಸೋಲ್, ಇಎಫ್‌ಐ ಎರಡೂ ಇದ್ದು ಫರ್ಮ್‌ವೇರ್ ರೀಡೈರೆಕ್ಷನ್ನೂ ಆನ್ ಇದ್ರೆ ಅದೇ ಜೋಡಿ ಅಕ್ಷರ ಇಲ್ಲೂ ಬರತ್ತೆ, ಒಂದನ್ನ ತೆಗೀರಿ.

ಎಲ್ಲಾ ಸರಿ ಆದ್ಮೇಲೆ ರೀಬೂಟ್ ಮಾಡಿ ನೋಡಿದ್ರೆ ಸಾಲದು, ಪವರ್ ಕೇಬಲ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿ ನೋಡಿ. ಹಿಂದಿನ ಕರ್ನಲ್ ಇಟ್ಟ ಸ್ಪೀಡು ರೀಬೂಟ್‌ನಲ್ಲಿ ಚಿಪ್‌ನಲ್ಲೇ ಉಳಿದು ತಪ್ಪು ಸೆಟ್ಟಿಂಗನ್ನ ಮುಚ್ಚಿಹಾಕಿರ್ಬಹುದು. ಫರ್ಮ್‌ವೇರ್ ಅಪ್‌ಡೇಟ್ ಆದಾಗ, ಸಿಮಾಸ್ (ಸೆಟಪ್‌ನ ಸೆಟ್ಟಿಂಗ್ ಉಳಿಯೋ ಮೆಮೊರಿ) ಕ್ಲಿಯರ್ ಆದಾಗ ರೀಡೈರೆಕ್ಷನ್ ಡಿಫಾಲ್ಟ್‌ಗೆ ಹೋಗ್ಬಹುದು, ಹಾಗಾಗಿ ಪೋರ್ಟ್ ಅಡ್ರೆಸ್, ಐಆರ್‌ಕ್ಯು, ಸ್ಪೀಡ್, ಪೋಸ್ಟ್ ನಂತರ ಆನ್ ಆ ಆಫ್ ಆ ಅನ್ನೋ ನಾಲ್ಕನ್ನ ಆ ಸರ್ವರ್‌ನ ದಾಖಲೇಲಿ ಬರೆದಿಡಿ.